ಮಾಮಿಯ ಬಲಗೈ, ಮಸಿನಗುಡಿಯ ಬೇಲಿ

"ಎರಡೇ ದಿನ ಕೊಡಿ. ಮಾಮಿಯ ಬಲಗೈ ಮುಷ್ಟಿ ಕಟ್ಟುವ ಹಾಗೆ ಮಾಡದಿದ್ದರೆ ನನ್ನ ಹೆಸರು ಹೇಮಾ ಅಲ್ಲ!"

ಈ ಭೀಷ್ಮಪ್ರತಿಜ್ಞೆಯನ್ನು ನಾನು ಮಾಡಿದ್ದು ನೀಲಗಿರಿಯ ಹುಬ್ಬತಲೈ ಹಟ್ಟಿಯ ನಮ್ಮ ಅಡುಗೆಮನೆಯಲ್ಲಿ, ಸಾಂಬಾರಿನ ಸೌಟನ್ನು ರಾಜದಂಡದಂತೆ ಎತ್ತಿ ಹಿಡಿದು. ಮಹಾಸಭೆಯಲ್ಲಿ ಇದ್ದವರು ಮೂವರು. ನನ್ನ ಗಂಡ ಯೋಗೇಶ್, ಟೀ ಫ್ಯಾಕ್ಟರಿಯ ಬಾಗಿಲಲ್ಲಿ ನಿಂತು ಬರುವ ಹಸಿ ಎಲೆಯನ್ನು ಪರೀಕ್ಷಿಸುವ ಕೆಲಸದವರು. ನಮ್ಮ ಮಗಳು ಅಭಿನಯಾ, ವಯಸ್ಸು ಎರಡು, ಕೆಲಸ ಎಲ್ಲವನ್ನೂ ಬಾಯಿಗೆ ಹಾಕಿ ಪರೀಕ್ಷಿಸುವುದು. ಮತ್ತೆ ಯೋಗೇಶರ ತಾಯಿ ಅಕ್ಕಮ್ಮ, ಅಂದರೆ ನನ್ನ ಅತ್ತೆ. ನಮ್ಮ ಕಡೆ ಅತ್ತೆಯನ್ನು ಮಾಮಿ ಎನ್ನುತ್ತೇವೆ.

"ಹೆಸರು ಬದಲಾಯಿಸಬೇಕಾದರೆ ಆಧಾರ್ ಕಾರ್ಡಿಗೆ ನಾಲ್ಕು ಸಾರಿ ಓಡಾಡಬೇಕು. ನೋಡಿಕೊಂಡು ಶಪಥ ಮಾಡು," ಎಂದರು ಯೋಗೇಶ್.

ಮಾಮಿ ಬಲಗೈಯನ್ನು ಶಾಲಿನೊಳಗೆ ಸೇರಿಸಿಕೊಂಡರು, ಅಷ್ಟೆ.

ಮೂರು ತಿಂಗಳ ಹಿಂದೆ ಮಳೆ ನಿಂತ ಒಂದು ಬೆಳಿಗ್ಗೆ, ಮನೆ ಹಿಂದಿನ ಇಳಿಜಾರಿನ ಟೀ ತೋಟದಲ್ಲಿ ಎಲೆ ಕೊಯ್ಯುವಾಗ ಮಾಮಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಆರು ವಾರ ಮಾವುಕಟ್ಟು, ಅಂದರೆ ಪ್ಲಾಸ್ಟರು. ಅದನ್ನು ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳುಗಳು ಮಾತ್ರ ಮುನಿಸಿಕೊಂಡಿದ್ದವು. ಅರ್ಧ ಬಾಗುತ್ತವೆ, ಅಲ್ಲೇ ನಿಲ್ಲುತ್ತವೆ. ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತರೆ, ಬಲಗೈಯ ಹೂವು ಬೆರಳ ಸಂದಿಯಿಂದ ಜಾರಿ ಮಡಿಲಿಗೆ ಬೀಳುತ್ತಿತ್ತು. ಮಾಮಿ ಎತ್ತಿಕೊಳ್ಳುತ್ತಿದ್ದರು, ಅದು ಮತ್ತೆ ಬೀಳುತ್ತಿತ್ತು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವುದನ್ನು ಯಾರೂ ನೋಡಬಾರದೆಂದು ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಕೂರುತ್ತಿದ್ದರು. ಹಟ್ಟಿಯ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ಕೂನೂರಿನ ಫಿಸಿಯೋಥೆರಪಿ ಡಾಕ್ಟರ್ ಸಿಂಧುಜಾ ಕಳೆದ ವಾರ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. "ಇನ್ನು ಹದಿನೈದು ದಿನದೊಳಗೆ ಹೆಬ್ಬೆರಳು ತೋರುಬೆರಳಿಗೆ ತಾಗಬೇಕು ಅಕ್ಕಾ. ಇಲ್ಲದಿದ್ದರೆ ಕೊಯಮತ್ತೂರಿಗೆ ಬರೆದುಕೊಡುತ್ತೇನೆ. ಆಪರೇಷನ್ ಅನ್ನಬಹುದು. ಚಳಿಗೆ ಬೆರಳು ಇನ್ನೂ ಸೆಟೆಯುತ್ತವೆ. ಎಲ್ಲಾದರೂ ಬೆಚ್ಚಗಿರುವ ಕಡೆ ಕರೆದುಕೊಂಡು ಹೋಗಿ ಬನ್ನಿ."

ಬೆಚ್ಚಗಿರುವ ಕಡೆ! ಮಸಿನಗುಡಿ! ನನ್ನ ತಲೆಯಲ್ಲಿ ಯುದ್ಧದ ನಗಾರಿ ಮೊಳಗಿತು. ಕಾಲೇಜಿನ ಎನ್‌ಎಸ್‌ಎಸ್ ಶಿಬಿರದಲ್ಲಿ ಎಪ್ಪತ್ತು ಜನರನ್ನು ಸಾಲಾಗಿ ನಿಲ್ಲಿಸಿ ಉಪ್ಪಿಟ್ಟು ಬಡಿಸಿದವಳು ನಾನು. ಐದು ಬೆರಳು ನನಗೊಂದು ಲೆಕ್ಕವೇ? ಒಂದು ಬಟ್ಟೆಯ ಚೀಲದಲ್ಲಿ ಆಯುಧಗಳನ್ನು ತುಂಬಿದೆ. ಹಿಸುಕಲು ಹಳದಿ ಸ್ಪಂಜಿನ ಚೆಂಡು, ಎಳೆಯಲು ರಬ್ಬರ್ ಬಳೆ, ನಾದಲು ಡಾಕ್ಟರ್ ಕೊಟ್ಟ ನೀಲಿ ಬಣ್ಣದ ಮೆದು ಉಂಡೆ, ಚಿವುಟಲು ಹನ್ನೆರಡು ಬಟ್ಟೆ ಕ್ಲಿಪ್ಪು. ಇಷ್ಟು ಸಜ್ಜಾದ ಸೈನ್ಯ ನೀಲಗಿರಿಯ ಇತಿಹಾಸದಲ್ಲೇ ಹೊರಟಿರಲಿಕ್ಕಿಲ್ಲ!

ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಹಳೆಯ ಬಿಳಿ ಆಲ್ಟೊ ಕೆಮ್ಮಿ ಹೊರಟಿತು. ಮುಂದೆ ಯೋಗೇಶ್. ಹಿಂದೆ ಒಂದು ಕಿಟಕಿಗೆ ಮಾಮಿ, ಇನ್ನೊಂದಕ್ಕೆ ನಾನು, ನಡುವೆ ಅಭಿ. ತೋಟಗಳ ಮೇಲೆ ಮಂಜು ಇನ್ನೂ ಏಳದೆ ಮಲಗಿತ್ತು. ನಮ್ಮ ತೋಟದ ಅಂಚಿನಲ್ಲಿ ಕಾರು ಹಾಯುವಾಗ ಮಾಮಿ ಮುಖವನ್ನು ಈಚೆಗೆ ತಿರುಗಿಸಿಕೊಂಡರು. ಬಿದ್ದ ದಿನದಿಂದ ಯೋಗೇಶ್ ತಾಯಿಯನ್ನು ಟೀ ಗಿಡದ ಹತ್ತಿರಕ್ಕೂ ಬಿಟ್ಟಿರಲಿಲ್ಲ. "ಅವ್ವೆ, ಇನ್ನೊಂದು ಸಾರಿ ಬಿದ್ದರೆ ನಾನು ಕೆಲಸ ಬಿಟ್ಟು ಮನೆಯಲ್ಲೇ ಕೂರುತ್ತೇನೆ" ಎಂದು ಹೆದರಿಸಿದ್ದರು. ಮಗ ಇಡೀ ದಿನ ಮನೆಯಲ್ಲಿ ಕೂರುವ ಯೋಚನೆಗೇ ಮಾಮಿ ಶರಣಾಗಿದ್ದರು.

ಊಟಿ ದಾಟಿ ಕಲ್ಲಟ್ಟಿ ಘಾಟಿಗೆ ತಿರುಗಿದೆವು. ಚೆಕ್‌ಪೋಸ್ಟಿನವರು ನಮ್ಮ ಜಿಲ್ಲೆಯ ನಂಬರ್ ನೋಡಿ ಕೈಬೀಸಿ ಬಿಟ್ಟರು. ಮುಂದೆ ಮೂವತ್ತಾರು ಹೇರ್‌ಪಿನ್ ತಿರುವುಗಳು. ನನ್ನ ಪ್ರತಿಭೆ ಬೆಳಗಿದ್ದು ಇಲ್ಲೇ.

"ಮಾಮಿ, ಚೆಂಡು ಹಿಡಿಯಿರಿ! ಒಂದು ತಿರುವಿಗೆ ಒಂದು ಹಿಸುಕು. ಕೆಳಗೆ ಇಳಿಯುವಷ್ಟರಲ್ಲಿ ಮೂವತ್ತಾರು!"

"ಏನ ಹೆಣ್ಣೇ ಇದು? ಎಮ್ಮೆ ಹಾಲು ಹಿಂಡುವಾಗಲೂ ನಾನು ಇಷ್ಟು ಎಣಿಸಿದವಳಲ್ಲ."

"ಎಮ್ಮೆ ಬೇರೆ, ಚಿಕಿತ್ಸೆ ಬೇರೆ. ಒಂದನೇ ತಿರುವು ಬಂತು! ಹಿಸುಕಿ! ಹಿಸುಕಿ!"

ಮಾಮಿ ಹಿಸುಕಿದರು. ಚೆಂಡಿನ ಮೇಲೆ ಸಾಸಿವೆಯಷ್ಟು ಗುಳಿ ಬಿತ್ತು. ನಾನು ಚಪ್ಪಾಳೆ ತಟ್ಟಿದೆ. ಅಭಿಯೂ ತಟ್ಟಿದಳು. ಎರಡನೇ ತಿರುವಿನಲ್ಲಿ ನಾನು ಬಗ್ಗಿ ಕಣ್ಣಿಟ್ಟು ನೋಡುತ್ತಿದ್ದರೆ ಬೆರಳುಗಳು ಕಲ್ಲಾದವು. ಐದನೆಯದರಲ್ಲಿ ಅಭಿ "ನಂದು!" ಎಂದಳು. ಎಂಟನೆಯದರವರೆಗೆ ಘೋರ ಮಾತುಕತೆ ನಡೆಯಿತು. ಒಂಬತ್ತನೆಯದರಲ್ಲಿ ಚೆಂಡು ಕಿಟಕಿಯಿಂದ ಹೊರಗೆ ಹಾರಿತು!

"ನಿಲ್ಲಿಸಿ! ಅಭಿಯ ಅಪ್ಪಾ, ನಿಲ್ಲಿಸಿ!"

"ಎಲ್ಲಿ ನಿಲ್ಲಿಸಲಿ? ಹಿಂದೆ ಜೀಪು ಇದೆ. ಗುದ್ದಿದರೆ ಉಳಿದ ತಿರುವುಗಳನ್ನೆಲ್ಲಾ ಒಂದೇ ಏಟಿಗೆ ಇಳಿಯುತ್ತೇವೆ!"

ತಿರುಗಿ ನೋಡಿದೆ. ತಡೆಗೋಡೆಯ ಮೇಲೆ ಒಂದು ಮುದಿ ಕೋತಿ ಚೆಂಡನ್ನು ಎರಡು ಕೈಯಲ್ಲೂ ಹಿಡಿದು ಹಿಸುಕಿ ಹಿಸುಕಿ ನೋಡುತ್ತಿತ್ತು. ಎಂಥ ಹಿಡಿತ! ಅದಕ್ಕೆ ಯಾವ ಡಾಕ್ಟರರೂ ಬೇಕಿರಲಿಲ್ಲ.

"ಪರವಾಗಿಲ್ಲ. ಉಂಡೆ ತೆಗೆಯಿರಿ ಮಾಮಿ," ಎಂದೆ. ಇಳಿದಂತೆಲ್ಲಾ ಗಾಳಿ ಬೆಚ್ಚಗಾಗುತ್ತಿತ್ತು. ನೀಲಗಿರಿ ಮರಗಳ ವಾಸನೆ ಹಿಂದೆ ಉಳಿದು, ಒಣಹುಲ್ಲಿನ, ಬಿಸಿ ಮಣ್ಣಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೆಳಗೆ ಬಯಲು ಹಳದಿಯಾಗಿ ಹರಡಿತ್ತು. ನಾನು ಒಂದು ಕ್ಷಣ, ಒಂದೇ ಒಂದು ಕ್ಷಣ, ಆ ಕಡೆ ನೋಡುತ್ತಾ ಮೈಮರೆತೆ.

"ಹೇಮಾ, ನನ್ನ ತಲೆಯ ಮೇಲೆ ಏನೋ ತಣ್ಣಗಿದೆ," ಎಂದರು ಯೋಗೇಶ್.

ನೀಲಿ ಉಂಡೆಯನ್ನು ಅಭಿ ಅಪ್ಪನ ಹಿಂದಲೆಗೆ ಅಂಗೈಯಿಂದ ತಟ್ಟಿ ತಟ್ಟಿ ರೊಟ್ಟಿಯಂತೆ ಹರಡಿದ್ದಳು.

"ತಲೆ ಅಲ್ಲಾಡಿಸಬೇಡಿ! ಅದು ಮಾಮಿಯ ಔಷಧಿ!"

"ತಲೆ ನನ್ನದು ಕಣೇ!"

ರಬ್ಬರ್ ಬಳೆ ಇಪ್ಪತ್ತನೇ ತಿರುವಿನಲ್ಲಿ ಅಭಿಯ ಹಲ್ಲಿಗೆ ಸಿಕ್ಕಿ ಹರಿಯಿತು. ಕ್ಲಿಪ್ಪುಗಳನ್ನು ಮಾಮಿಯ ಶಾಲಿಗೆ, ನನ್ನ ಜಡೆಗೆ, ಕೊನೆಗೆ ತನ್ನದೇ ಮೂಗಿಗೆ ಸಿಕ್ಕಿಸಿಕೊಂಡು ಅಭಿ ಅತ್ತಳು. ಅತ್ತು ಅತ್ತು ಇಪ್ಪತ್ತೆಂಟರಲ್ಲಿ ಬೆಳಗಿನ ಮೂರು ಇಡ್ಲಿಗಳನ್ನು ಯಥಾವತ್ತಾಗಿ ಹಿಂತಿರುಗಿಸಿದಳು. ಎಲ್ಲಿಗೆ? ಬಾಯಿ ತೆರೆದು ಕೂತಿದ್ದ ನನ್ನ ಆಯುಧಗಳ ಚೀಲಕ್ಕೆ!

ಮಾಮಿ ಶಾಲು ಬಾಯಿಗೆ ಹಿಡಿದು ನಕ್ಕರು. ಮೂರು ತಿಂಗಳಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. "ಕೂಸಿಗೆ ಬುದ್ಧಿ ಇದೆ. ಯಾವುದಕ್ಕೆ ಏನು ಮರ್ಯಾದೆ ಮಾಡಬೇಕೋ ಅದನ್ನೇ ಮಾಡಿತು!"

ಹೀಗೆ ಮೂವತ್ತಾರನೇ ತಿರುವು ಮುಗಿಯುವಷ್ಟರಲ್ಲಿ ನನ್ನ ಸೈನ್ಯ ಪೂರ್ತಿ ನಿರ್ನಾಮವಾಗಿತ್ತು. ಆದರೆ ಸೇನಾಪತಿ ಇನ್ನೂ ಉಳಿದಿದ್ದಳಲ್ಲ!

ನಾವು ಕೋಣೆ ಗೊತ್ತು ಮಾಡಿದ್ದು ಮಸಿನಗುಡಿಯ ಅಂಚಿನ ಒಂದು ಸಣ್ಣ ರೆಸಾರ್ಟಿನಲ್ಲಿ. ಮ್ಯಾನೇಜರ್ ಜಯರಾಮನ್ ಬಾಗಿಲಲ್ಲೇ ಎದುರುಗೊಂಡು, ಕೋಣೆಯ ಕೀಲಿಗಿಂತ ಮೊದಲು ತಮ್ಮ ಬೇಲಿಯನ್ನು ತೋರಿಸಿದರು. ಹುಲ್ಲುಹಾಸಿನ ಎರಡು ಪಕ್ಕಕ್ಕೂ ಸೊಂಟದೆತ್ತರಕ್ಕೆ ಸಮನಾಗಿ ಬೆಳೆಸಿದ ಗಿಡಗಳು. ಕೆಳಗೆಲ್ಲಾ ಹಸಿರು, ಮೇಲೆ ಚಿಗುರು ಮಾತ್ರ ಕೆಂಪು. ಹತ್ತಿ ಉರಿಯುವಂಥ ಕೆಂಪು.

"ಎಪ್ಪಡಿ ಮೇಡಂ, ಹೇಗಿದೆ? ನಮ್ಮ ತೋಟಗಾರ ಆರುಮುಗಂ ಎರಡು ತಿಂಗಳು ಕತ್ತರಿ ಮುಟ್ಟಿಸದೆ ಬೆಳೆಸಿದ್ದು. ನಾಳೆ ಮದುವೆ ಜೋಡಿ ಒಂದು ಫೋಟೋ ತೆಗೆಸಿಕೊಳ್ಳಲು ಬರುತ್ತಿದೆ. ಈ ಕೆಂಪನ್ನು ನೋಡಿಯೇ ಬುಕ್ ಮಾಡಿದ್ದಾರೆ!"

ಮಾಮಿ ಆ ಬೇಲಿಯನ್ನು ನೋಡಿದ ರೀತಿಯನ್ನು ನಾನು ಗಮನಿಸಬೇಕಿತ್ತು. ತೊಳೆಯದೆ ಬಿಟ್ಟ ಪಾತ್ರೆಯನ್ನು ನೋಡುವಂತೆ ನೋಡಿದರು. "ಕೊಯ್ಯುವವರು ಯಾರೂ ಇಲ್ಲವಾ ಇಲ್ಲಿ?" ಎಂದು ಮೆಲ್ಲಗೆ ಕೇಳಿದರು. ನಾನು ಚೀಲ ತೊಳೆಯುವ ಅವಸರದಲ್ಲಿದ್ದೆ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹೊರಗಿನ ಚಪ್ಪರದಡಿ ಕೂತರು. ಮಾಮಿ ತಟ್ಟೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಯೋಗೇಶ್ ಆ ಬಾಗಿಲನ್ನೇ ನೋಡುತ್ತಾ ಅನ್ನ ಕಲಸಿದರು, ಉಣ್ಣಲಿಲ್ಲ.

ಅದನ್ನು ನೋಡಿ ನನ್ನ ಛಲ ಇಮ್ಮಡಿಯಾಯಿತು. ಆಯುಧ ಹೋದರೇನು? ಬರಿಗೈಯಲ್ಲೇ ಯುದ್ಧ! ಬೇಲಿಯ ಪಕ್ಕದ ನೆರಳಿನಲ್ಲಿ ಕುರ್ಚಿ ಹಾಕಿ ಮಾಮಿಯನ್ನು ಕೂರಿಸಿ, ಎದುರಿಗೆ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಮುಚ್ಚಿ! ತೆರೆಯಿರಿ! ಮುಚ್ಚಿ! ಇನ್ನೂ ಮುಚ್ಚಿ ಮಾಮಿ, ಮನಸ್ಸಿಟ್ಟು!"

"ಮನಸ್ಸು ಮುಚ್ಚುತ್ತದೆ ಹೆಣ್ಣೇ, ಬೆರಳು ಮುಚ್ಚುವುದಿಲ್ಲ."

"ಬೆರಳಿನ ಕಡೆ ನಾನು ನೋಡುತ್ತಿದ್ದೇನೆ, ನೀವು ಪ್ರಯತ್ನ ಮಾಡಿ!"

ನಾನು ನೋಡಿದಷ್ಟೂ ಬೆರಳು ಸೆಟೆದವು. ಮಾಮಿಯ ಹಣೆಯಲ್ಲಿ ಬೆವರು. ಅಷ್ಟರಲ್ಲಿ ಅಭಿ ನಿದ್ದೆಗೆ ರಚ್ಚೆ ಹಿಡಿದಳು. "ಐದೇ ನಿಮಿಷ, ಇವಳನ್ನು ಮಲಗಿಸಿ ಬಂದೆ. ನಿಲ್ಲಿಸಬೇಡಿ!" ಎಂದು ಅಪ್ಪಣೆ ಕೊಟ್ಟು ಕೋಣೆಗೆ ನಡೆದೆ. ಯೋಗೇಶ್ ಹಿಂದಿನ ನಲ್ಲಿಯ ಹತ್ತಿರ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಲೆಯಿಂದ ನೀಲಿ ಉಂಡೆ ಬಿಡಿಸುತ್ತಿದ್ದರು.

ಮಗುವನ್ನು ಮಲಗಿಸುವುದೂ ಒಂದು ಯುದ್ಧವೇ. ಆ ಯುದ್ಧದಲ್ಲಿ ಮೊದಲು ನೆಲಕ್ಕುರುಳಿದವಳು ನಾನು.

ಎಚ್ಚರವಾದಾಗ ಗಡಿಯಾರದಲ್ಲಿ ನಾಲ್ಕು ಗಂಟೆ. ಪಕ್ಕದಲ್ಲಿ ಅಭಿ ಇಲ್ಲ! ಬಾಗಿಲು ತೆರೆದಿದೆ! ಹೊರಗೆ ಕಾಡು! ಆನೆ, ಚಿರತೆ, ಕರಡಿ, ಒಂದೊಂದಾಗಿ ನನ್ನ ಎದೆಯ ಮೇಲೆ ಹಾದುಹೋದವು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ಅಭಿಯ ಅಪ್ಪಾ! ಅಭಿ ಎಲ್ಲಿ?"

ನಲ್ಲಿಯ ಹತ್ತಿರದಿಂದ ಅರ್ಧ ನೀಲಿ ತಲೆಯೊಂದು ಮೇಲೆದ್ದಿತು. "ನಿನ್ನ ಹತ್ತಿರ ಮಲಗಿರಲಿಲ್ಲವಾ?"

ಇಬ್ಬರೂ ಹುಲ್ಲುಹಾಸಿನ ಕಡೆ ಓಡಿದೆವು. ಅಲ್ಲಿ ಕುರ್ಚಿ ಖಾಲಿ. ಕಣ್ಣಿಗೆ ಏನೋ ವಿಚಿತ್ರವಾಗಿ ಕಂಡಿತು, ಏನೆಂದು ತಕ್ಷಣ ಹೊಳೆಯಲಿಲ್ಲ. ಬಲಗಡೆಯ ಬೇಲಿ ಕೆಂಪಗೆ ಉರಿಯುತ್ತಿತ್ತು. ಎಡಗಡೆಯ ಬೇಲಿ ಹಸಿರಾಗಿತ್ತು. ಕೊನೆಯ ಒಂದು ಗಿಡ ಬಿಟ್ಟರೆ ಪೂರ್ತಿ ಹಸಿರು! ಒಂದು ಕೆಂಪು ಚಿಗುರಿಲ್ಲ!

ಆ ಹಸಿರಿನ ಕಟ್ಟಕಡೆಗೆ ನಮ್ಮ ಮಾಮಿ. ಶಾಲನ್ನು ಬೆನ್ನಿಗೆ ಜೋಳಿಗೆಯಂತೆ ಕಟ್ಟಿದ್ದಾರೆ. ಜೋಳಿಗೆ ತುಂಬಿ ಕೆಂಪು ಎಲೆ ಉಕ್ಕುತ್ತಿದೆ. ಪಕ್ಕದಲ್ಲಿ ಅಭಿ, ಕೆಳಗಿನ ಕೊಂಬೆಯಿಂದ ಒಂದೊಂದೇ ಎಲೆ ಕಿತ್ತು ತನ್ನ ಟೋಪಿಗೆ ಹಾಕುತ್ತಿದ್ದಾಳೆ. ಮಗು ಸುರಕ್ಷಿತ. ಬೇಲಿ ಸತ್ತಿತ್ತು.

"ಮಾಮಿ! ಏನು ಮಾಡಿದಿರಿ!"

"ಏನು ಮಾಡಿದೆ? ಬಲಿತು ಒರಟಾಗುವುದರಲ್ಲಿತ್ತು. ಇಷ್ಟು ಚಿಗುರನ್ನು ಹಾಗೇ ಬಿಟ್ಟಿದ್ದಾರೆ, ಸೋಮಾರಿಗಳು! ಎರಡೆಲೆ ಒಂದು ಮೊಗ್ಗು ಹಾಗೆ ಸರಿಯಾಗಿ ತೆಗೆದಿದ್ದೇನೆ, ನೋಡು."

ಯೋಗೇಶ್ ಜೋಳಿಗೆಗೆ ಕೈಹಾಕಿ ಒಂದು ಹಿಡಿ ಎತ್ತಿದರು. ಅಂಗೈಯಲ್ಲಿ ಹರಡಿ, ಬೆರಳಲ್ಲಿ ಬೇರ್ಪಡಿಸಿ, ಮೂಸಿ, ಹನ್ನೊಂದು ವರ್ಷದ ಅಭ್ಯಾಸಬಲದಿಂದ ಘೋಷಿಸಿದರು. "ಒಳ್ಳೆ ಎಲೆ. ಕಡ್ಡಿ ಇಲ್ಲ, ಒರಟು ಇಲ್ಲ. ಇಂಥ ಎಲೆ ನಮ್ಮ ಫ್ಯಾಕ್ಟರಿಗೆ ಬಂದು ವರ್ಷವಾಯಿತು."

"ಇದು ಟೀ ಅಲ್ಲ! ಫೋಟೋ ತೆಗೆಯುವ ಬೇಲಿ!" ಎಂದು ನಾನು ಕಿರುಚಿದೆ.

ಆ ಕಿರುಚಾಟಕ್ಕೆ ಜಯರಾಮನ್ ಓಡಿಬಂದರು. ಅವರ ಹಿಂದೆ ಆರುಮುಗಂ, ಕೈಯಲ್ಲಿ ನೀರಿನ ಪೈಪು. ಆರುಮುಗಂ ಬೇಲಿಯನ್ನು ನೋಡಿದವರೇ ಪೈಪು ಕೈಬಿಟ್ಟು ಹುಲ್ಲಿನ ಮೇಲೆ ಕೂತುಬಿಟ್ಟರು. "ಅಯ್ಯೋ ಕಡವುಳೇ, ದೇವರೇ! ಎರಡು ತಿಂಗಳು ಮಗುವಿನ ಹಾಗೆ ನೋಡಿಕೊಂಡೆ!"

"ಯಾರು ಮಾಡಿದ್ದು ಇದನ್ನು?" ಎಂದರು ಜಯರಾಮನ್. "ಈ ಅಮ್ಮ ತಾನೇ?"

ಇಲ್ಲಿ ನನ್ನೊಳಗಿನ ವಕೀಲೆ ಎಚ್ಚೆತ್ತಳು. ಸತ್ಯ ಎಲ್ಲರ ಕಣ್ಣೆದುರು ಜೋಳಿಗೆ ಹೊತ್ತು ನಿಂತಿತ್ತು. ಆದರೆ ವಕೀಲೆಗೆ ಅದೆಲ್ಲಾ ಅಡ್ಡಿಯೇ? ಕುರ್ಚಿಯ ಬಳಿ ಬಿಟ್ಟುಹೋಗಿದ್ದ ಕೈಚೀಲದಿಂದ ಡಾಕ್ಟರ್ ಸಿಂಧುಜಾರ ಚೀಟಿಯನ್ನು ಎಳೆದು ಧ್ವಜದಂತೆ ಹಿಡಿದೆ.

"ಸಾರ್, ಸ್ವಲ್ಪ ನಿಲ್ಲಿ! ವಯಸ್ಸಾದ ರೋಗಿಯ ಮೇಲೆ ಅಪವಾದ ಹೊರಿಸಬೇಡಿ. ಇದನ್ನು ಓದಿ! ಇವರ ಬಲಗೈ ಮೂರು ತಿಂಗಳಿಂದ ಕೆಲಸ ಮಾಡುತ್ತಿಲ್ಲ. ಹೆಬ್ಬೆರಳು ತೋರುಬೆರಳಿಗೆ ತಾಗುವುದೇ ಇಲ್ಲ. ಇವರಿಗೆ ಒಂದು ಹೂವು ಹಿಡಿಯಲಾಗದು, ಚಮಚ ಎತ್ತಲಾಗದು! ಇಷ್ಟುದ್ದ ಬೇಲಿಯನ್ನು ಈ ಕೈ ಕೊಯ್ಯುವುದು ಸಾಧ್ಯವೇ ಇಲ್ಲ! ಜಿಂಕೆ ಬಂದಿರಬೇಕು. ಕೋತಿ ಬಂದಿರಬೇಕು! ದಾರಿಯಲ್ಲಿ ನಾನೇ ಒಂದನ್ನು ನೋಡಿದ್ದೇನೆ, ಎಂಥ ಹಿಡಿತ ಗೊತ್ತಾ ಅದರದ್ದು!"

ಜಯರಾಮನ್ ಚೀಟಿಯನ್ನು ನೋಡಲಿಲ್ಲ. ನನ್ನ ಭುಜದ ಮೇಲಿಂದ ಆಚೆಗೆ ನೋಡುತ್ತಿದ್ದರು. ಬೆರಳು ತೋರಿಸಿದರು.

"ಹಾಗಾದರೆ ಅದು ಏನು ಮೇಡಂ?"

ತಿರುಗಿದೆ.

ನಮ್ಮ ಜಗಳ ಮುಗಿಯಲೆಂದು ಕಾಯುವ ತಾಳ್ಮೆ ಮಾಮಿಗೆ ಇರಲಿಲ್ಲ. ಕೊನೆಯ ಒಂದು ಗಿಡ ಉಳಿದಿತ್ತಲ್ಲ, ಅದನ್ನು ಮುಗಿಸುತ್ತಿದ್ದರು. ಎಡಗೈ ಒಂದು ಚಿಗುರು, ಬಲಗೈ ಒಂದು ಚಿಗುರು. ಚಟ್, ಚಟ್. ಬಲಗೈಯ ಹೆಬ್ಬೆರಳು ಬಂದು ತೋರುಬೆರಳಿಗೆ ತಾಗುತ್ತಿತ್ತು, ಚಿಗುರು ಮುರಿಯುತ್ತಿತ್ತು, ಕೈ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ಜೋಳಿಗೆಗೆ ಎಸೆದು ಮತ್ತೆ ಗಿಡಕ್ಕೆ ಬರುತ್ತಿತ್ತು. ಸ್ವಲ್ಪ ನಿಧಾನ. ಸ್ವಲ್ಪ ನಡುಕ. ಆದರೆ ನಲವತ್ತು ವರ್ಷ ಈ ದಾರಿಯಲ್ಲೇ ನಡೆದ ಕೈ ಅದು.

ಪೈಪಿನಿಂದ ನೀರು ಹುಲ್ಲಿನ ಮೇಲೆ ಹರಿಯುತ್ತಲೇ ಇತ್ತು.

"ಅವ್ವೆ," ಎಂದರು ಯೋಗೇಶ್. "ಅವ್ವೆ, ನಿನ್ನ ಕೈ!"

ಮಾಮಿ ಬಗ್ಗಿ ತಮ್ಮ ಕೈಯನ್ನು ನೋಡಿಕೊಂಡರು, ಬೇರೆ ಯಾರದೋ ಕೈ ತಮ್ಮ ತೋಳಿಗೆ ಬಂದು ಸೇರಿದಂತೆ. ನಾನು ಒಂದೇ ನೆಗೆತಕ್ಕೆ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿದೆ. "ಇನ್ನೊಂದು ಸಾರಿ ಮಾಮಿ! ನಾನು ನೋಡಬೇಕು! ಹೂಂ, ತಾಗಿಸಿ!"

ಬೆರಳುಗಳು ತಟ್ಟನೆ ಸೆಟೆದು ನಿಂತವು.

"ಹೋಯಿತು!" ಎಂದರು ಮಾಮಿ ಗಾಬರಿಯಲ್ಲಿ. "ನೋಡಬೇಡ ಹೆಣ್ಣೇ! ನೀನು ನೋಡಿದರೆ ಅದು ಹೆದರುತ್ತದೆ!"

"ಆ ಕಡೆ ತಿರುಗು!" ಎಂದರು ಯೋಗೇಶ್.

"ಮೇಡಂ, ತಿರುಗಿ!" ಎಂದರು ಜಯರಾಮನ್. ಅವರಿಗೆ ಇದರಲ್ಲಿ ಏನು ಸಂಬಂಧ? ಆದರೂ ಮೊದಲು ತಿರುಗಿದವರು ಅವರೇ. ನೆಲದ ಮೇಲೆ ಕೂತಿದ್ದ ಆರುಮುಗಂ ಕೂತಲ್ಲೇ ತಿರುಗಿದರು. ನಾಲ್ಕು ಜನ ದೊಡ್ಡವರು ಬೇಲಿಗೆ ಬೆನ್ನು ಹಾಕಿ, ಏನೂ ನಡೆಯುತ್ತಿಲ್ಲವೆಂಬಂತೆ ಮುದುಮಲೈ ಕಾಡಿನ ಕಡೆ ನೋಡುತ್ತಾ ನಿಂತೆವು. ನೂರು ಮಾರು ದೂರದಲ್ಲಿ ನಾಲ್ಕು ಜಿಂಕೆಗಳು ನಮ್ಮನ್ನೇ ನೋಡುತ್ತಿದ್ದವು.

ಸ್ವಲ್ಪ ಹೊತ್ತು ಏನೂ ಇಲ್ಲ.

ಆಮೇಲೆ, ಬೆನ್ನ ಹಿಂದೆ, ಚಟ್.

ಮತ್ತೆ, ಚಟ್. ಚಟ್.

"ಆರುಮುಗಂ," ಎಂದರು ಜಯರಾಮನ್, ಕಾಡಿನ ಕಡೆಯೇ ನೋಡುತ್ತಾ, ಪಿಸುದನಿಯಲ್ಲಿ. "ಆ ಪಕ್ಕ ಕೆಂಪು, ಈ ಪಕ್ಕ ಹಸಿರು. ಅರ್ಧ ಕ್ಷೌರ ಮಾಡಿದ ಮುಖದ ಹಾಗಿದೆ. ನಾಳೆ ಜೋಡಿ ಬಂದರೆ ಏನು ಹೇಳುತ್ತೀಯ?"

"ಬಣ್ಣ ಬಳಿಯಲಾ ಸಾರ್?"

"ಬಣ್ಣ ಬೇಡ." ಜಯರಾಮನ್ ಯೋಚಿಸಿದರು. ಅವರ ಮುಖದಲ್ಲಿ ಕೋಪವೂ ಇತ್ತು, ಬೇರೆ ಏನೋ ಕೂಡ ಇತ್ತು. ತಲೆ ತಿರುಗಿಸದೆ ಗಟ್ಟಿಯಾಗಿ ಕೂಗಿದರು. "ಅಮ್ಮಾ! ಅಲ್ಲಿ ಮುಗಿಯಿತಾ? ಹಾಗಾದರೆ ಆ ಕಡೆಯದನ್ನೂ ಮುಗಿಸಿಬಿಡಿ! ಎರಡೂ ಪಕ್ಕ ಹಸಿರಾಗಲಿ. ಮದುವೆ ಹುಡುಗಿಗೆ ಕೆಂಪು ಸೀರೆ ಉಡಲು ಹೇಳುತ್ತೇನೆ!"

"ಇವತ್ತು ಹೊತ್ತಾಯಿತು. ನಾಳೆ ಬೆಳಿಗ್ಗೆ ಬರುತ್ತೇನೆ," ಎಂದರು ಮಾಮಿ, ಎಸ್ಟೇಟಿನ ಮೇಸ್ತ್ರಿಗೆ ಉತ್ತರಿಸುವ ಗತ್ತಿನಲ್ಲಿ. "ಆ ನೀರಿನ ಪೈಪು ನಿಲ್ಲಿಸಪ್ಪ, ದಂಡವಾಗುತ್ತಿದೆ."

ಮಾರನೆಯ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಬಲಗಡೆಯ ಬೇಲಿಯೂ ಹಸಿರಾಯಿತು. ಅಭಿಯ ಟೋಪಿಯೂ ತುಂಬಿತು. ಆರುಮುಗಂ ಮೊದಲು ದೂರ ನಿಂತು ನಿಟ್ಟುಸಿರಿಡುತ್ತಿದ್ದವರು, ಆಮೇಲೆ ಹತ್ತಿರ ಬಂದು, ಕತ್ತರಿಯಿಲ್ಲದೆ ಇಷ್ಟು ಸಮನಾಗಿ ಹೇಗೆ ಕೊಯ್ಯುವುದೆಂದು ಕೇಳಿ ಕಲಿಯತೊಡಗಿದರು. ಮದುವೆ ಹುಡುಗಿ ಹಸಿರು ಸೀರೆ ಉಟ್ಟು ಬಂದಳು. ಫೋಟೋದಲ್ಲಿ ಅವಳ ತಲೆ, ಕೈ ಮಾತ್ರ ಕಾಣುತ್ತಿವೆಯಂತೆ. ಆ ವಿಷಯ ಬೇಡ.

ತಿಂಡಿಗೆ ಮಾಮಿ ಚಪ್ಪರದಡಿ ನಮ್ಮ ಜೊತೆ ಕೂತರು. ಎಲೆ ಕೊಯ್ಯುವ ವಿಷಯವನ್ನು ಆರುಮುಗಂಗೆ ವಿವರಿಸುತ್ತಾ ವಿವರಿಸುತ್ತಾ, ಬಲಗೈಯಿಂದ ದೋಸೆ ಮುರಿದು ಬಾಯಿಗಿಟ್ಟರು. ಅರ್ಧ ಚಟ್ನಿ ತಟ್ಟೆಗೆ ಬಿತ್ತು. ಅವರು ಗಮನಿಸಲಿಲ್ಲ. ನಾವು ಇಬ್ಬರೂ ಎಷ್ಟು ಕಷ್ಟಪಟ್ಟು ಬೇರೆ ಕಡೆ ನೋಡಿದೆವೆಂದರೆ ಯೋಗೇಶರ ಕಾಫಿಗೆ ನಾನು ಸಾಂಬಾರು ಸುರಿದೆ. ಅವರು ಅದನ್ನು ಕುಡಿದೂಬಿಟ್ಟರು!

ಮಂಗಳವಾರ ಕೂನೂರಿನಲ್ಲಿ ಡಾಕ್ಟರ್ ಸಿಂಧುಜಾ ಮಾಮಿಯ ಬೆರಳುಗಳನ್ನು ಒಂದೊಂದಾಗಿ ಬಾಗಿಸಿ ನೋಡಿದರು. ಹೆಬ್ಬೆರಳನ್ನು ಮುಟ್ಟಿದರು. ನನ್ನ ಕಡೆ ನೋಡಿದರು. ಮತ್ತೆ ಮುಟ್ಟಿದರು.

"ಮುಷ್ಟಿ ಇನ್ನೂ ಪೂರ್ತಿ ಆಗಿಲ್ಲ. ಆದರೆ ಇದು ತಾಗುತ್ತಿದೆ! ಕೊಯಮತ್ತೂರು ಬೇಡ ಅಮ್ಮಾ, ಖಂಡಿತ ಬೇಡ. ಏನು ಮಾಡಿದಿರಿ?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಗಂಟಲು ಸರಿಮಾಡಿಕೊಂಡೆ. "ಅದು ಡಾಕ್ಟರ್, ನಾನು ಒಂದು ಯೋಜನೆ ಹಾಕಿಕೊಂಡಿದ್ದೆ. ತಿರುವಿಗೆ ಒಂದರಂತೆ…"

"ಅವಳನ್ನು ಕೇಳಬೇಡಿ ಡಾಕ್ಟರಮ್ಮಾ, ಅವಳಿಗೆ ಏನೂ ಗೊತ್ತಿಲ್ಲ," ಎಂದರು ಮಾಮಿ. "ನಾನು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದೆ. ಕೂಸು ಕೋಣೆಯಿಂದ 'ಹೆತ್ತೆ, ಹೆತ್ತೆ' ಅಂತ ಈ ಅಜ್ಜಿಯನ್ನು ಹುಡುಕಿಕೊಂಡು ಬಂತು. ಬಂದದ್ದೇ ಬೇಲಿಗೆ ಕೈಹಾಕಿ ಕೊಂಬೆಯನ್ನೇ ಸೀಳುತ್ತಿತ್ತು. ನಮ್ಮ ಮನೆಯ ಕೂಸು, ಎಲೆ ಕೀಳಲು ಬರುವುದಿಲ್ಲ ಅಂದರೆ ನಾಲ್ಕು ಜನ ಏನಂದಾರು? 'ಹಾಗಲ್ಲ, ಹೀಗೆ' ಅಂತ ಒಂದು ಚಿಗುರು ಮುರಿದು ತೋರಿಸಿದೆ. ಅದಕ್ಕೆ ಅರ್ಥವಾಗಲಿಲ್ಲ. ಇನ್ನೊಂದು ತೋರಿಸಿದೆ. ಆಮೇಲೆ ಕೈ ನಿಲ್ಲಲೇ ಇಲ್ಲ."

"ಆಗ ಹೇಮಾ ಅಕ್ಕ ಎಲ್ಲಿದ್ದರು?"

ಯೋಗೇಶ್ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಆಳವಾಗಿ ಅಧ್ಯಯನ ಮಾಡತೊಡಗಿದರು.

"ಮಲಗಿದ್ದಳು," ಎಂದರು ಮಾಮಿ, ಯಾವ ದ್ವೇಷವೂ ಇಲ್ಲದೆ. "ಗೊರಕೆ ಹುಲ್ಲುಹಾಸಿನವರೆಗೆ ಕೇಳುತ್ತಿತ್ತು. ಅದು ಕೇಳುತ್ತಿದ್ದಷ್ಟು ಹೊತ್ತೂ ನನಗೆ ಧೈರ್ಯ."

ಡಾಕ್ಟರ್ ಸಿಂಧುಜಾ ತುಟಿ ಕಚ್ಚಿಕೊಂಡು ಪೆನ್ನು ತೆಗೆದರು. ಚೀಟಿ ಬರೆದರು. ಅದನ್ನು ನನಗೆ ಕೊಡದೆ ಮಾಮಿಯ ಬಲಗೈಗೇ ಕೊಟ್ಟರು. ಮನೆಯ ಪಕ್ಕದ ಸಮತಟ್ಟಿನ ಸಾಲಿನಲ್ಲಿ ದಿನಕ್ಕೆ ಎರಡು ಗಂಟೆ ಎಲೆ ಕೊಯ್ಯುವುದು. ಜೊತೆಗೆ ಮೊಮ್ಮಗಳು. ಇದು ಮೊದಲನೆಯ ಸಾಲು. ಎರಡನೆಯ ಸಾಲನ್ನು ನಾನು ಮೂರು ಸಾರಿ ಓದಿದೆ. "ಆ ಎರಡು ಗಂಟೆ ಸೊಸೆ ನಿದ್ದೆ ಮಾಡತಕ್ಕದ್ದು. ತಪ್ಪಿಸಬಾರದು."

ಎಂಥ ಶಿಕ್ಷೆ ಎನ್ನುತ್ತೀರಾ! ಎನ್‌ಎಸ್‌ಎಸ್ ಶಿಬಿರದ ನಾಯಕಿ ನಾನು, ಹಾಡುಹಗಲಲ್ಲಿ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಬಿದ್ದುಕೊಂಡಿದ್ದೇನೆ. ನಿದ್ದೆಯೇ ಬರುವುದಿಲ್ಲ. ಕಿಟಕಿಯ ಆಚೆ ಚಟ್, ಚಟ್ ಎನ್ನುವ ಸದ್ದು. ಎಷ್ಟಾಯಿತು, ಬೆರಳು ಪೂರ್ತಿ ಬಾಗುತ್ತಿದೆಯಾ, ಒಂದೇ ಒಂದು ಸಾರಿ ಇಣುಕಿ ನೋಡಲೇ ಎಂದು ಜೀವ ಚಡಪಡಿಸುತ್ತದೆ. ಮೆಲ್ಲಗೆ ಏಳುತ್ತೇನೆ. ಪರದೆಯನ್ನು ಕೂದಲೆಳೆಯಷ್ಟು ಸರಿಸುತ್ತೇನೆ.

ತಕ್ಷಣ ಸದ್ದು ನಿಲ್ಲುತ್ತದೆ. ತೋಟದಿಂದ ಮಾಮಿಯ ಕೂಗು ಇಡೀ ಹಟ್ಟಿಗೇ ಕೇಳುವಂತೆ ಬರುತ್ತದೆ.

"ಹೇಮಾ! ಎದ್ದೆಯಾ? ನನ್ನ ಕೈ ಗುಣವಾಗುವುದು ನಿನಗೆ ಬೇಕೋ ಬೇಡವೋ? ಮಲಗು!"

ಮಲಗುತ್ತೇನೆ. ಈಗೀಗ ಗೊರಕೆಯನ್ನೂ ಹೊಡೆಯುತ್ತೇನೆ, ಎಚ್ಚರವಾಗಿದ್ದೇ, ಆದಷ್ಟು ಗಟ್ಟಿಯಾಗಿ!